ತಿರುಗುವ ಬ್ರಷ್, ಬಿಸಿ ಗಾಳಿ, ಸಿಕ್ಕಿಕೊಂಡ ಕೂದಲು: ಹೊಸೂರಿನ ಒಂದು ವಿನ್ಯಾಸದ ಅನುಭವ

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಉಳಿಸಿಕೊಳ್ಳಲಾಗಿದೆ.)

ಧ್ವನಿ ಕೇಳಿಸ್ತಿದೆ ಅಂದುಕೊಳ್ತೀನಿ. ನಾನು ಹೊಸೂರಿನಿಂದ ಮಾತಾಡ್ತಿದ್ದೀನಿ. ಮಧ್ಯದಲ್ಲಿ ಕರೆಂಟ್ ಹೋದರೆ ಎರಡು ನಿಮಿಷ ಕಾಯಿರಿ. ಕರೆಂಟ್ ಹೋಗುವುದಕ್ಕೂ ಇವತ್ತಿನ ವಿಷಯಕ್ಕೂ ಸಂಬಂಧ ಇದೆ, ಆಮೇಲೆ ಹೇಳ್ತೀನಿ.

ವಿಷಯ ಏನಂದರೆ, ಮೋಟಾರಿನಿಂದ ತಾನೇ ತಿರುಗುತ್ತಾ, ಒಳಗಿಂದ ಬಿಸಿ ಗಾಳಿ ಊದುತ್ತಾ ಕೂದಲನ್ನು ಗುಂಗುರು ಮಾಡುವ ಬ್ರಷ್. ಹೊಸೂರಿನಲ್ಲಿ ಕೂತು ಇಂಥದ್ದನ್ನು ವಿನ್ಯಾಸ ಮಾಡುವುದರಲ್ಲಿ ಒಂದು ವಿಚಿತ್ರ ಇದೆ. ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟಾನ್, ಅವುಗಳ ಸುತ್ತ ನೂರಾರು ಸಣ್ಣ ವರ್ಕ್‌ಶಾಪ್‌ಗಳು, ಇದು ನಮ್ಮೂರು. ಇಲ್ಲಿ ಯಂತ್ರದ ಹತ್ತಿರ ಹೋಗುವ ಹೆಣ್ಣುಮಗಳಿಗೆ ಮೊದಲ ದಿನ ಕಲಿಸುವ ಪಾಠವೇ ಕೂದಲು ಕಟ್ಟು, ಟೋಪಿ ಹಾಕು ಅಂತ. 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 22ನೇ ಕಲಂ, ಚಲಿಸುತ್ತಿರುವ ಯಂತ್ರಭಾಗಗಳಿಗೆ ಎಣ್ಣೆ ಹಾಕುವ, ಒರೆಸುವ ಕೆಲಸವನ್ನು ಮಹಿಳೆಯರಿಗೆ ಕೊಡಬಾರದು ಎನ್ನುತ್ತಿತ್ತು. ತಿರುಗುವ ಸ್ಪಿಂಡಲ್ಲೂ ಕೂದಲೂ ಒಂದಕ್ಕೊಂದು ತಾಗಲೇಬಾರದು. ನಾನು ಮಾಡಹೊರಟಿದ್ದು ಅವೆರಡನ್ನೂ ಬೇಕಂತಲೇ ತಾಗಿಸುವ ಸಾಧನ!

ಮೊದಲು ಕೂದಲಿನ ಬಗ್ಗೆ. ಕೂದಲು ಅಂದರೆ ಕೆರಾಟಿನ್ ಎಂಬ ಪ್ರೋಟೀನು. ಅದರ ಎಳೆಗಳನ್ನು ಎರಡು ಥರದ ಕೊಂಡಿಗಳು ಹಿಡಿದಿರುತ್ತವೆ. ಗಂಧಕದ ಕೊಂಡಿ ಗಟ್ಟಿ, ರಾಸಾಯನಿಕ ಹಾಕದೆ ಬಿಚ್ಚುವುದಿಲ್ಲ. ಹೈಡ್ರೋಜನ್ ಕೊಂಡಿ ಸಡಿಲ, ನೀರು ಅಥವಾ ಶಾಖ ತಾಗಿದರೆ ಬಿಚ್ಚುತ್ತದೆ, ಒಣಗಿ ತಣ್ಣಗಾದಾಗ ಮತ್ತೆ ಕೂಡುತ್ತದೆ. ಕೂಡುವ ಹೊತ್ತಿಗೆ ಕೂದಲು ಯಾವ ಆಕಾರದಲ್ಲಿತ್ತೋ ಅದೇ ನಿಲ್ಲುತ್ತದೆ. ಹಾಗಾಗಿ ಗುಂಗುರನ್ನು ನಿಲ್ಲಿಸುವುದು ಬಿಸಿ ಅಲ್ಲ, ಸುತ್ತಿಟ್ಟಿರುವಾಗಲೇ ಬರುವ ತಂಪು. ತಣ್ಣನೆ ಗಾಳಿಯ ಬಟನ್ ಯಾಕಿರುತ್ತೆ ಅಂತ ಕೇಳುವವರಿಗೆ ಇದೇ ಉತ್ತರ. ಬಿಸಿ ಇರುವಾಗಲೇ ಬಿಚ್ಚಿದರೆ ಪಟ್ಟ ಪಾಡೆಲ್ಲ ದಂಡ.

ಪ್ಯಾರಿಸ್ಸಿನ ಮಾರ್ಸೆಲ್ ಗ್ರಾತೋ 1870ರ ದಶಕದಲ್ಲಿ ಕಾಯಿಸಿದ ಇಕ್ಕಳದಿಂದ ಇದನ್ನೇ ಮಾಡಿದ. 2018ರಲ್ಲಿ ಡೈಸನ್ ಕಂಪನಿಯ ಏರ್‌ವ್ರ್ಯಾಪ್ ಬಂತು. ಅದರಲ್ಲಿ ಸಿಲಿಂಡರ್ ತಿರುಗುವುದೇ ಇಲ್ಲ. ಬಾಗಿದ ಮೈಗೆ ಅಂಟಿಕೊಂಡು ಹರಿಯುವ ಗಾಳಿಯೇ ಕೂದಲನ್ನು ಎಳೆದು ಸುತ್ತುತ್ತದೆ, ಕೋಆಂಡಾ ಪರಿಣಾಮ ಅಂತಾರೆ. ಸಿಕ್ಕಿಕೊಳ್ಳುವ ಭಯವೇ ಇಲ್ಲ, ಜಾಣ ಉಪಾಯ. ಆದರೆ ಅದಕ್ಕೆ ನಿಮಿಷಕ್ಕೆ ಸುಮಾರು 1,10,000 ಸುತ್ತು ತಿರುಗುವ ಮೋಟಾರ್ ಬೇಕು. ನಮ್ಮ ಕೈಯಲ್ಲಿದ್ದದ್ದು ಸಾಧಾರಣ ಡಿಸಿ ಮೋಟಾರ್, ಗೇರು, ಮೈಕಾ ಹಲಗೆಗೆ ಸುತ್ತಿದ ನಿಕ್ರೋಮ್ ತಂತಿ. ಹಾಗಾಗಿ ತಿರುಗುವ ಬ್ರಷ್ಷೇ ಗತಿ.

ಈಗ ಲೆಕ್ಕ. ಸಿಲಿಂಡರಿನ ವ್ಯಾಸ 32 ಮಿ.ಮೀ., ಅಂದರೆ ಸುತ್ತಳತೆ 10 ಸೆಂ.ಮೀ. 60 ಸೆಂ.ಮೀ. ಕೂದಲಿಗೆ ಆರು ಸುತ್ತು. ಸೆಕೆಂಡಿಗೆ ಒಂದು ಸುತ್ತು ಸಾಕು, ಜಾಸ್ತಿ ಆದರೆ ಕೈ ಹೆದರುತ್ತದೆ. ಸೆಕೆಂಡಿಗೆ 7 ಗ್ರಾಂ ಗಾಳಿಯನ್ನು 70 ಡಿಗ್ರಿ ಏರಿಸಲು ಸುಮಾರು 490 ವಾಟ್ ಬೇಕು. ಕೋಣೆಯಲ್ಲಿ 28 ಇದ್ದರೆ ಹೊರಗೆ ಬರುವ ಗಾಳಿ 98. ತೇವದ ಕೂದಲಿಗೆ ಇದು ಧಾರಾಳ.

ಕಾಗದದ ಮೇಲೆ ಚೆನ್ನಾಗಿತ್ತು. ಮೊದಲ ಮಾದರಿಯನ್ನು ನನ್ನ ಚಿಕ್ಕಮ್ಮನ ಮಗಳ ಕೂದಲ ಮೇಲೆ ನೋಡಿದೆವು. ಅವಳು ಇಲ್ಲೇ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕೆ ಹೋಗ್ತಾಳೆ, ಸೊಂಟದವರೆಗೆ ಕೂದಲು. ನಾಲ್ಕು ಸುತ್ತು ಸರಿಯಾಗಿ ಸುತ್ತಿತು. ಐದನೆಯದಕ್ಕೆ ಪಕ್ಕದ ಕೂದಲನ್ನೂ ಎಳೆದುಕೊಂಡು ಬ್ರಷ್ ನಿಂತುಬಿಟ್ಟಿತು. ಫ್ಯಾನಿನ ಸದ್ದು ಇಳಿಯಿತು. "ಅಕ್ಕಾ, ಸುಡ್ತಿದೆ" ಅಂದಳು. ಪ್ಲಗ್ ಕಿತ್ತೆ. ಆಮೇಲೆ ಹಿಂದಕ್ಕೆ ತಿರುಗಿಸಲು ನೋಡಿದರೆ ಬ್ರಷ್ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಕೊನೆಗೆ ಕತ್ತರಿ. ಗೇಣುದ್ದ ಹೋಯಿತು. "ಫ್ಯಾಕ್ಟರೀಲಿ ಇಷ್ಟು ವರ್ಷ ಟೋಪಿ ಹಾಕ್ಕೊಂಡು ಉಳಿಸ್ಕೊಂಡಿದ್ದು, ನಿಮ್ಮನೇಲಿ ಹೋಯ್ತಲ್ಲ ಅಕ್ಕಾ" ಅಂದಳು. ಬೈದಿದ್ದರೆ ವಾಸಿಯಾಗಿತ್ತು.

ಬಿಚ್ಚಿ ನೋಡಿದಾಗ ಎರಡು ತಪ್ಪು ಕಂಡವು, ಎರಡೂ ನನ್ನವೇ.

ಅಗ್ಗದ ಹೇರ್ ಡ್ರೈಯರ್‌ಗಳಲ್ಲಿ ಒಂದು ಮಿತವ್ಯಯದ ಉಪಾಯ ಇದೆ. 230 ವೋಲ್ಟನ್ನು ಇಳಿಸಲು ಟ್ರಾನ್ಸ್‌ಫಾರ್ಮರ್ ಹಾಕುವುದಿಲ್ಲ. ಹೀಟರ್ ತಂತಿಯ ಒಂದು ತುಂಡಿನ ಮೂಲಕ ಕರೆಂಟನ್ನು ಹಾಯಿಸಿ, ನಾಲ್ಕು ಡಯೋಡು ಹಾಕಿ ಸಣ್ಣ ಮೋಟಾರನ್ನು ಓಡಿಸುತ್ತಾರೆ. ನಾನೂ ಅದನ್ನೇ ಮಾಡಿ, ಬ್ರಷ್ಷಿನ ಮೋಟಾರನ್ನೂ ಅದೇ ಜಾಗಕ್ಕೆ ಸೇರಿಸಿದ್ದೆ. ಏನಾಗುತ್ತದೆ ನೋಡಿ. ಕೂದಲು ಸಿಕ್ಕಿಕೊಂಡು ಬ್ರಷ್ ನಿಂತರೆ ಆ ಮೋಟಾರ್ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಇಬ್ಬರಿಗೂ ಸಿಗುವ ವೋಲ್ಟೇಜ್ ಕುಸಿಯುತ್ತದೆ, ಫ್ಯಾನ್ ನಿಧಾನವಾಗುತ್ತದೆ. ಆದರೆ ಮುಖ್ಯ ಹೀಟರ್ ಮೊದಲಿನ ಹಾಗೇ ಉರಿಯುತ್ತಿರುತ್ತದೆ. ಗಾಳಿ ಅರ್ಧಕ್ಕೆ ಇಳಿದರೆ ಏರಿಕೆ 70ರ ಬದಲು 140, ಒಟ್ಟು 168 ಡಿಗ್ರಿ. ಬೈಮೆಟಲ್ ಥರ್ಮೋಸ್ಟಾಟ್ ಇತ್ತು, ನಿಜ, ಆದರೆ ಅದು ಬಿಸಿಯಾಗಿ ಬಾಗಲು ಕೆಲವು ಸೆಕೆಂಡು ಬೇಕು. ಕೂದಲು ಬಿಡಿಸಿಕೊಳ್ಳಲಾಗದ ಅದೇ ಗಳಿಗೆಯಲ್ಲಿ ಗಾಳಿ ಅತಿ ಬಿಸಿ. ಬಿಡಿಬಿಡಿಯಾಗಿ ಪರೀಕ್ಷಿಸಿದಾಗ ಎರಡು ಮೋಟಾರೂ ಪಾಸಾಗಿದ್ದವು.

ಎರಡನೆಯದು ವರ್ಮ್ ಗೇರ್. ಚಿಕ್ಕ ಜಾಗದಲ್ಲಿ ವೇಗ ಚೆನ್ನಾಗಿ ಇಳಿಸುತ್ತೆ ಅಂತ ಹಾಕಿದ್ದೆ. ನಮ್ಮದರಂಥ ವರ್ಮ್ ಗೇರನ್ನು ಮೋಟಾರ್ ಕಡೆಯಿಂದ ಮಾತ್ರ ತಿರುಗಿಸಬಹುದು, ಆಚೆ ಕಡೆಯಿಂದ ಆಗದು. ಲಿಫ್ಟಿಗೆ ಅದು ಗುಣ, ತಲೆಗೂದಲಿಗೆ ಶಾಪ. ಕೂದಲು ಸುತ್ತಿರುವಾಗ ಕರೆಂಟ್ ಹೋಯಿತು ಅನ್ನಿ, ಬರುವವರೆಗೆ ತಲೆಗೆ ಬ್ರಷ್ ನೇತುಹಾಕಿಕೊಂಡು ಕೂರಬೇಕು.

ಈಗಿನ ಮಾದರಿಯಲ್ಲಿ ಫ್ಯಾನಿಗೆ ಬೇರೆ ಸರ್ಕೀಟು. ಬ್ರಷ್ ನಿಂತರೆ ಹೀಟರ್ ಕಟ್, ಫ್ಯಾನ್ ಮಾತ್ರ ಓಡುತ್ತಿರಬೇಕು. ಬಟನ್ ಒತ್ತಿರುವಷ್ಟು ಹೊತ್ತು ಮಾತ್ರ ಬ್ರಷ್ ತಿರುಗುತ್ತದೆ. ವರ್ಮ್ ಹೋಗಿ ಪ್ಲಾನೆಟರಿ ಗೇರ್ ಬಂತು. ಹಿಡಿಯಲ್ಲಿರುವ ತೋಳು ಎಳೆದರೆ ಸಿಲಿಂಡರ್ ಗೇರಿನಿಂದ ಕಳಚಿಕೊಂಡು ಬಿಡಿಯಾಗಿ ತಿರುಗುತ್ತದೆ, ಅದಕ್ಕೆ ಕರೆಂಟೇ ಬೇಡ. ಜೊತೆಗೆ ಜಾರುವ ಕ್ಲಚ್. ಎಳೆತ 3 ನ್ಯೂಟನ್ ದಾಟಬಾರದು ಅಂತ ಇಟ್ಟುಕೊಂಡೆವು, ಅಂದರೆ 300 ಗ್ರಾಂ ತೂಗುಬಿಟ್ಟಷ್ಟು. ತ್ರಿಜ್ಯ 16 ಮಿ.ಮೀ., ಹಾಗಾಗಿ ತಿರುಚುಬಲ ಸುಮಾರು 0.05 ನ್ಯೂಟನ್-ಮೀಟರ್. ಮೀರಿದರೆ ಟಕಟಕ ಅಂತ ಜಾರುತ್ತದೆ. ಕ್ಲಚ್ಚನ್ನು ಹೀಟರಿನ ಹಿಂದೆ, ತಣ್ಣನೆ ಗಾಳಿ ಹಾಯುವ ಕಡೆ ಇಟ್ಟಿದ್ದೇವೆ. ಬಿಸಿ ಕಡೆ ಇಟ್ಟರೆ ಪ್ಲಾಸ್ಟಿಕ್ ಮೆತ್ತಗಾಗಿ ಲೆಕ್ಕ ಕೆಡುತ್ತದೆ.

ಚಾಟ್‌ನಲ್ಲಿ ಒಂದು ಪ್ರಶ್ನೆ ಬಂದಿದೆ: ಹೊಸೂರಿನಲ್ಲಿ ಸರಿಹೋದದ್ದು ಬೇರೆ ಕಡೆಯೂ ಸರಿಹೋಗುತ್ತಾ? ಒಳ್ಳೇ ಪ್ರಶ್ನೆ. ನಾವು ಸುಮಾರು 900 ಮೀಟರ್ ಎತ್ತರದಲ್ಲಿದ್ದೇವೆ, ಗಾಳಿ ಕಡಲತೀರಕ್ಕಿಂತ ಸುಮಾರು ಹತ್ತನೇ ಒಂದು ಪಾಲು ತೆಳು. ಫ್ಯಾನಿನ ವೇಗ ಅಷ್ಟೇ ಇದ್ದರೆ ಇಲ್ಲಿ 70 ಡಿಗ್ರಿ ಏರುವ ಗಾಳಿ ಚೆನ್ನೈನಲ್ಲಿ 63 ಏರುತ್ತದೆ. ಅಲ್ಲಿನ ಸೆಕೆ ಅದನ್ನು ಹೆಚ್ಚುಕಡಿಮೆ ಸರಿದೂಗಿಸುತ್ತದೆ. ತೊಂದರೆ ಇರುವುದು ತೇವಾಂಶದ್ದು, ಹೈಡ್ರೋಜನ್ ಕೊಂಡಿಗಳು ಅಲ್ಲಿ ಬೇಗ ಬಿಚ್ಚಿಕೊಳ್ಳುತ್ತವೆ. ಅದಕ್ಕೆ ಯಂತ್ರದಲ್ಲಿ ಮದ್ದಿಲ್ಲ. ಇಲ್ಲಿಂದ ಕೆಳಗಿಳಿದರೆ ಕೃಷ್ಣಗಿರಿ, ಒಂದು ಗಂಟೆ ದಾರಿ. ಮೇ ತಿಂಗಳ ಬಿಸಿಲಲ್ಲಿ ಅಲ್ಲಿಯೂ ಪರೀಕ್ಷೆ ಇಟ್ಟುಕೊಂಡಿದ್ದೇವೆ. ತಂಗಿ ಬರ್ತೀನಿ ಅಂದಿದ್ದಾಳೆ, ಆದರೆ ಕಳಚುವ ತೋಳು ತನ್ನ ಕೈಯಲ್ಲೇ ಇರಬೇಕಂತೆ.