ಶಾಲೆಯ ಹಾಕಿ ತಂಡಕ್ಕೆ ಸೇರುವ ಕಾಲ

ಹಾಕಿ ಆಡಬಲ್ಲ ಹುಡುಗಿಯೊಬ್ಬಳು ಎಂಟನೆಯ ತರಗತಿಗೆ ಕಾಲಿಟ್ಟೊಡನೆ ಅವಳ ಮುಂದೆ ಒಂದು ಪ್ರಶ್ನೆ ಬಂದು ನಿಲ್ಲುತ್ತದೆ. ಪ್ರೌಢಶಾಲೆಯ ತಂಡಕ್ಕೆ ಈ ವರ್ಷವೇ ಸೇರಬೇಕೆ, ಇನ್ನೊಂದೆರಡು ವರ್ಷ ಕಾಯಬೇಕೆ? ದೈಹಿಕ ಶಿಕ್ಷಕರು ಒಂದು ಮಾತು ಹೇಳುತ್ತಾರೆ, ಮನೆಯಲ್ಲಿ ತಾಯಿ ಇನ್ನೊಂದು ಹೇಳುತ್ತಾಳೆ, ನೆರೆಮನೆಯವರಂತೂ ಕೇಳದೆಯೇ ಮೂರನೆಯದನ್ನು ಹೇಳಿಬಿಡುತ್ತಾರೆ. ಆಡಬೇಕಾದವಳ ಮಾತನ್ನು ಕೇಳುವವರು ಕಡಿಮೆ.

ನಮ್ಮ ಪ್ರೌಢಶಾಲೆಗಳಲ್ಲಿ ಎಂಟರಿಂದ ಹತ್ತರವರೆಗಿನ ಮೂರು ತರಗತಿಗಳಿರುತ್ತವೆ. ವಿದ್ಯಾರ್ಥಿಗಳ ವಯಸ್ಸು ಸಾಮಾನ್ಯವಾಗಿ 13ರಿಂದ 16. ಶಾಲಾ ಕ್ರೀಡಾಕೂಟಗಳಲ್ಲಿ 14 ವರ್ಷದೊಳಗಿನವರು, 17 ವರ್ಷದೊಳಗಿನವರು ಎಂಬ ವಿಭಾಗಗಳಿರುವುದು ನಿಜ. ಆದರೆ ಹನ್ನೊಂದು ಮಂದಿ ಹುಡುಗಿಯರನ್ನು ಕೂಡಿಸುವುದೇ ಕಷ್ಟವಾಗಿರುವ ಚಿಕ್ಕ ಶಾಲೆಗಳು ಎರಡು ತಂಡಗಳನ್ನು ಕಟ್ಟುವುದೆಂತು? ಹೀಗಾಗಿ ಹದಿಮೂರರ ಹುಡುಗಿ ಹದಿನಾರರವರ ಜೊತೆಗೆ, ಹದಿನಾರರವರ ಎದುರಿಗೆ, ಆಡಬೇಕಾಗುತ್ತದೆ. ಈ ಮೂರು ವರ್ಷಗಳ ಅಂತರ ಮೂವತ್ತರ ವಯಸ್ಸಿನಲ್ಲಿ ಲೆಕ್ಕಕ್ಕೆ ಬಾರದು; ಹದಿಮೂರರಲ್ಲಿ ಅದು ಬಹು ದೊಡ್ಡದು.

ಹಾಕಿ ಮೃದುವಾದ ಆಟವಲ್ಲ. ಅಂಗಳ 91.4 ಮೀಟರ್ ಉದ್ದ, 55 ಮೀಟರ್ ಅಗಲ. ಚೆಂಡಿನ ತೂಕ 156ರಿಂದ 163 ಗ್ರಾಂ. ಕ್ರಿಕೆಟ್ ಚೆಂಡಿನ ತೂಕವೂ ಹೆಚ್ಚು ಕಡಿಮೆ ಇಷ್ಟೇ. ಬಲವಾಗಿ ಹೊಡೆದಾಗ ಅದು ಮೊಣಕಾಲಿಗೋ ಬೆರಳಿಗೋ ತಾಗಿದರೆ ಆಗುವ ನೋವನ್ನು ಆಡಿದವರೇ ಬಲ್ಲರು. ಪೆನಾಲ್ಟಿ ಕಾರ್ನರ್ ಸಮಯದಲ್ಲಂತೂ ರಕ್ಷಣೆಯ ಆಟಗಾರ್ತಿಯರು ಹೊಡೆತ ಬರುವ ದಿಕ್ಕಿಗೇ ಎದುರಾಗಿ ಓಡಬೇಕು. ಕಣಕಾಲಿಗೆ ಪ್ಯಾಡು, ಹಲ್ಲಿಗೆ ಗಾರ್ಡು ಇಲ್ಲದೆ ಯಾರನ್ನೂ ಪಂದ್ಯಕ್ಕೆ ಇಳಿಸಬಾರದು. ಹಣವಿಲ್ಲವೆಂಬ ನೆಪವನ್ನು ಈ ಒಂದು ವಿಷಯದಲ್ಲಿ ನಾನು ಒಪ್ಪಲಾರೆ.

ಇನ್ನು ದೇಹದ ಮಾತು. ಹುಡುಗಿಯರು ಅತಿ ವೇಗವಾಗಿ ಎತ್ತರ ಬೆಳೆಯುವುದು ಸುಮಾರು ಹನ್ನೆರಡನೆಯ ವಯಸ್ಸಿನ ಆಸುಪಾಸಿನಲ್ಲಿ. ಹುಡುಗರಲ್ಲಿ ಅದು ಎರಡು ವರ್ಷ ತಡವಾಗಿ ಬರುತ್ತದೆ. ಆದ್ದರಿಂದಲೇ ಏಳನೆಯ ತರಗತಿಯಲ್ಲಿ ಹುಡುಗಿಯರ ಸಾಲು ಹುಡುಗರ ಸಾಲಿಗಿಂತ ಎತ್ತರವಾಗಿ ಕಾಣುವುದುಂಟು. ಎತ್ತರ ಬಂದ ಮಾತ್ರಕ್ಕೆ ಬಲ ಬಂದಂತಲ್ಲ. ಮೂಳೆ ಮೊದಲು ಉದ್ದವಾಗುತ್ತದೆ, ಸ್ನಾಯು ಅದನ್ನು ಹಿಂಬಾಲಿಸುತ್ತದೆ. ಈ ನಡುವಣ ಕಾಲದಲ್ಲಿ ಹೆಚ್ಚು ಓಡಿಸಿದರೆ ಮೊಣಕಾಲ ಚಿಪ್ಪಿನ ಕೆಳಗೆ ನೋವು ಕಾಣಿಸಿಕೊಳ್ಳುತ್ತದೆ. ಅದನ್ನು ಸೋಮಾರಿತನವೆಂದು ಗದರಿಸುವ ಬದಲು ಕೆಲವು ದಿನ ಓಟವನ್ನು ಕಡಿಮೆ ಮಾಡಿಸಬೇಕು. ಮೈನೆರೆದ ಮೇಲೆ ಇನ್ನೊಂದು ಅಪಾಯವಿದೆ. ಓಡುತ್ತ ಓಡುತ್ತ ತಟ್ಟನೆ ತಿರುಗುವಾಗ ಮೊಣಕಾಲಿನೊಳಗಣ ಕಟ್ಟು ಹರಿಯುವ ಪೆಟ್ಟು ಹುಡುಗರಿಗಿಂತ ಹುಡುಗಿಯರಲ್ಲಿ ಹೆಚ್ಚು. ಆಟಕ್ಕೆ ಮುನ್ನ ಕೆಲವು ನಿಮಿಷ ನೆಗೆದು ನೆಲಕ್ಕಿಳಿಯುವ ಕ್ರಮವನ್ನು, ಮೊಣಕಾಲು ಒಳಕ್ಕೆ ಬಾಗದಂತೆ ನಿಲ್ಲುವುದನ್ನು ಅಭ್ಯಾಸ ಮಾಡಿಸಿದರೆ ಈ ಅಪಾಯ ಬಹಳ ಮಟ್ಟಿಗೆ ತಗ್ಗುತ್ತದೆ. ಇದಕ್ಕೆ ಕಾಸಿನ ಖರ್ಚಿಲ್ಲ. ಕಲಿಸಬಲ್ಲ ಶಿಕ್ಷಕರು ಬೇಕು, ಅಷ್ಟೆ.

ಇಷ್ಟನ್ನು ಓದಿದವರು ‘ಹಾಗಾದರೆ ಕಾಯುವುದೇ ಲೇಸು’ ಎಂದಾರು. ದೇಹವೊಂದನ್ನೇ ನೋಡಿದರೆ ಆ ಮಾತು ಸರಿ. ಆದರೆ ಹುಡುಗಿಯ ವಿಷಯದಲ್ಲಿ ಕಾಯುವುದಕ್ಕೆ ಬೇರೊಂದು ಅರ್ಥವಿದೆ. ಎಂಟನೆಯ ತರಗತಿಯಲ್ಲಿ ತಂಡ ಸೇರದ ಹುಡುಗ ಸಂಜೆ ಬಯಲಿನಲ್ಲಿ ಗೆಳೆಯರೊಡನೆ ಆಡುತ್ತಲೇ ಇರುತ್ತಾನೆ. ಹತ್ತರಲ್ಲಿ ಸೇರಿದರೂ ಕೈ ಮರೆತಿರುವುದಿಲ್ಲ. ಹುಡುಗಿಗೆ ಆ ಬಯಲು ಇಲ್ಲ. ಹದಿಮೂರು ತುಂಬಿತೆಂದರೆ ಮನೆಗೆಲಸ ಹೆಚ್ಚುತ್ತದೆ, ಕತ್ತಲಾಗುವ ಮುನ್ನ ಮನೆ ಸೇರಬೇಕೆಂಬ ಕಟ್ಟಳೆ ಬರುತ್ತದೆ, ಚಡ್ಡಿ ತೊಟ್ಟು ಓಡುವುದಕ್ಕೆ ಆಕ್ಷೇಪ ಹುಟ್ಟುತ್ತದೆ. ಶಾಲೆಯ ತಂಡವೊಂದೇ ಅವಳಿಗೆ ಉಳಿದ ಅಂಗಳ. ‘ಮುಂದಿನ ವರ್ಷ ನೋಡೋಣ’ ಎಂದು ಬಿಟ್ಟ ಹುಡುಗಿಯರಲ್ಲಿ ಮರುವರ್ಷ ಕೋಲು ಹಿಡಿದವರನ್ನು ನನ್ನ ಅಧ್ಯಾಪಕ ವೃತ್ತಿಯಲ್ಲಿ ನಾನು ಬೆರಳೆಣಿಕೆಯಷ್ಟು ಕಂಡಿದ್ದೇನೆ. ಬೇಗ ಸೇರಿದರೆ ಮೈಗೆ ಕಷ್ಟ. ತಡಮಾಡಿದರೆ ಆಟವೇ ಕೈತಪ್ಪುತ್ತದೆ. ತೊಡಕು ಇರುವುದು ಇಲ್ಲಿ.

ಬೇಗ ಸೇರಿಸಬೇಕೆನ್ನುವವರು ರಾಣಿ ರಾಂಪಾಲ್ ಅವರ ಹೆಸರನ್ನು ಹೇಳುತ್ತಾರೆ. ಹರಿಯಾಣದ ಶಾಹಾಬಾದ್ ಮಾರ್ಕಂಡ ಎಂಬ ಊರಿನಲ್ಲಿ 1994ರಲ್ಲಿ ಹುಟ್ಟಿದ ಅವರ ತಂದೆ ಗಾಡಿ ಎಳೆದು ಸಂಸಾರ ಸಾಗಿಸುತ್ತಿದ್ದರು. ಹದಿನೈದರ ವಯಸ್ಸಿನಲ್ಲಿ, 2010ರಲ್ಲಿ, ಅರ್ಜೆಂಟೀನದ ರೊಸಾರಿಯೊದಲ್ಲಿ ನಡೆದ ವಿಶ್ವಕಪ್ಪಿನಲ್ಲಿ ರಾಣಿ ಭಾರತದ ಪರವಾಗಿ ಏಳು ಗೋಲುಗಳನ್ನು ಹೊಡೆದರು. ಒಂದು ವರ್ಷ ತಡವಾಗಿ 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ಭಾರತದ ಮಹಿಳೆಯರು ನಾಲ್ಕನೆಯ ಸ್ಥಾನ ಪಡೆದಾಗ ತಂಡದ ನಾಯಕಿ ಅವರೇ. ಆದರೆ ಈ ಉದಾಹರಣೆಯನ್ನು ಅರ್ಧ ಹೇಳಿ ನಿಲ್ಲಿಸುವುದು ತಪ್ಪು. ಮೊದಲ ಸಲ ಹೋದಾಗ ಮೈಯಲ್ಲಿ ಶಕ್ತಿ ಸಾಲದೆಂದು ತರಬೇತುದಾರರು ಅವರನ್ನು ಸೇರಿಸಿಕೊಂಡಿರಲಿಲ್ಲ. ಸೇರಿದ ಮೇಲೆ ದಿನವೂ ಪ್ರತಿಯೊಬ್ಬರೂ ಅರ್ಧ ಲೀಟರ್ ಹಾಲು ತರಬೇಕೆಂಬ ನಿಯಮವಿತ್ತು. ಮನೆಯಲ್ಲಿ ಅಷ್ಟನ್ನು ಕೊಳ್ಳುವ ಶಕ್ತಿಯಿಲ್ಲದೆ, ಇದ್ದ ಇನ್ನೂರು ಮಿಲಿಲೀಟರಿಗೆ ನೀರು ಬೆರೆಸಿ ಒಯ್ಯುತ್ತಿದ್ದುದನ್ನು ಅವರೇ ಹೇಳಿಕೊಂಡಿದ್ದಾರೆ. ದೊಡ್ಡವರ ನಡುವೆ ಆಡುವ ಹೊತ್ತಿಗೆ ಅವರ ಬೆನ್ನ ಹಿಂದೆ ಬಾಲ್ಯದಿಂದಲೂ ಮಾಡಿದ ಹಲವು ವರ್ಷಗಳ ನಿತ್ಯಾಭ್ಯಾಸವಿತ್ತು. ಹುಟ್ಟಿದ ವರ್ಷವನ್ನು ಎಣಿಸುವುದಕ್ಕಿಂತ ಕೋಲು ಹಿಡಿದ ವರ್ಷಗಳನ್ನು ಎಣಿಸುವುದು ಇಲ್ಲಿ ಹೆಚ್ಚು ಉಪಯುಕ್ತ.

ನಮ್ಮ ಕೊಡಗಿನಲ್ಲಿ ಇದು ಚೆನ್ನಾಗಿ ಕಾಣುತ್ತದೆ. 1997ರಲ್ಲಿ ಕರಡ ಗ್ರಾಮದಲ್ಲಿ ಆರಂಭವಾದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಒಂದೊಂದು ಮನೆತನವೂ ಒಂದೊಂದು ತಂಡ. ಗಂಡಸರ ಜೊತೆಗೆ ಹೆಣ್ಣುಮಕ್ಕಳೂ ಅಂಗಳಕ್ಕೆ ಇಳಿಯುವುದುಂಟು. ಅಣ್ಣನೊಡನೆ, ಚಿಕ್ಕಪ್ಪನೊಡನೆ ಆಡಿ ಬೆಳೆದ ಹುಡುಗಿ ಪ್ರೌಢಶಾಲೆಗೆ ಬರುವಾಗ ಹೊಸಬಳಲ್ಲ. ಬೆಂಗಳೂರಿನ ಎಲ್ವೆರಾ, ರೀಟಾ, ಮೇ ಬ್ರಿಟ್ಟೊ ಎಂಬ ಮೂವರು ಸೋದರಿಯರು 1960ರ ದಶಕದಲ್ಲಿ ನಮ್ಮ ರಾಜ್ಯದ ತಂಡದಲ್ಲಿ ಒಟ್ಟಿಗೆ ಆಡಿದರು; ಎಲ್ವೆರಾ ಅವರಿಗೆ 1965ರ ಅರ್ಜುನ ಪ್ರಶಸ್ತಿ ಸಂದಿತು. ಜೊತೆಗೆ ಅಕ್ಕತಂಗಿಯರಿದ್ದರೆ ಅಂಗಳದ ದಾರಿ ಎಷ್ಟು ಹತ್ತಿರವಾಗುತ್ತದೆಂಬುದನ್ನು ಯಾವ ಹುಡುಗಿಯೂ ಊಹಿಸಬಲ್ಲಳು. ಮನೆಯಲ್ಲಿ ಅಕ್ಕನಿಲ್ಲದವಳಿಗೆ ತಂಡವೇ ಅಕ್ಕನನ್ನು ಒದಗಿಸಬೇಕು: ಎಂಟನೆಯ ತರಗತಿಯಿಂದ ಒಬ್ಬಳನ್ನೇ ಆರಿಸುವುದಕ್ಕಿಂತ ಇಬ್ಬರನ್ನು ಆರಿಸುವುದು ಮೇಲು.

ತಂಡ ಸೇರುವುದೆಂದರೆ ಹೆಸರು ಬರೆಸಿ ಬೆಂಚಿನ ಮೇಲೆ ಕೂರುವುದಲ್ಲ. ವರ್ಷವಿಡೀ ಹಿರಿಯರಿಗೆ ನೀರಿನ ಬಾಟಲಿ ಒದಗಿಸಿ, ಒಂದು ಪಂದ್ಯದಲ್ಲೂ ಚೆಂಡು ಮುಟ್ಟದೆ ಮನೆಗೆ ಮರಳಿದ ಹುಡುಗಿ ಕಲಿತದ್ದೇನು? ಅಂಥವಳು ಹದಿನಾಲ್ಕರೊಳಗಿನ ವಿಭಾಗದಲ್ಲಿ ಆಡುವುದು, ಅಥವಾ ಏಳೇಳು ಮಂದಿಯ ಚಿಕ್ಕ ಅಂಗಳದಲ್ಲಿ ದಿನವೂ ನೂರು ಸಲ ಚೆಂಡು ತಡೆಯುವುದು ಎಷ್ಟೋ ಲೇಸು. ತಂಡಕ್ಕೆ ಸೇರಿಸಿಕೊಳ್ಳುವ ಮುನ್ನ ಕೇಳಬೇಕಾದ ಮೊದಲ ಪ್ರಶ್ನೆ ‘ಇವಳಿಗೆ ವಯಸ್ಸೆಷ್ಟು’ ಎಂಬುದಲ್ಲ, ‘ಇವಳಿಗೆ ಆಡಲು ಸಿಗುತ್ತದೆಯೆ’ ಎಂಬುದು.

ಎರಡನೆಯ ಪ್ರಶ್ನೆ ಊಟದ್ದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆಯಿದೆ. ರಕ್ತ ಸಾಲದವಳು ಬೇಗ ಏದುಸಿರು ಬಿಡುತ್ತಾಳೆ. ನೋಡುವವರು ‘ಇವಳಿಗೆ ಆಟ ಬಾರದು’ ಎಂದು ತೀರ್ಪು ಕೊಡುತ್ತಾರೆ. ಆಯ್ಕೆಗೆ ಮುನ್ನ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿದರೆ ಇಂಥ ಎಷ್ಟೋ ತೀರ್ಪುಗಳು ತಿದ್ದಿಹೋಗುತ್ತವೆ. ಓದಿನ ಮಾತನ್ನು ಹೆಚ್ಚು ಬೆಳೆಸಬೇಕಾಗಿಲ್ಲ: ಹತ್ತನೆಯ ತರಗತಿಯಲ್ಲಿ ಪರೀಕ್ಷೆಯ ಭಾರವಿರುವುದರಿಂದ ಎಂಟು ಮತ್ತು ಒಂಬತ್ತನೆಯ ತರಗತಿಗಳೇ ಆಟಕ್ಕೆ ಹೆಚ್ಚು ಬಿಡುವಿನ ಕಾಲ.

ಇವೆಲ್ಲಕ್ಕೂ ಹೊಂದುವ ಒಂದು ದಾರಿಯನ್ನು ಹಾಕಿಯ ನಿಯಮವೇ ತೆರೆದಿಟ್ಟಿದೆ. ಈ ಆಟದಲ್ಲಿ ಹೊರಗೆ ಬಂದವರು ಮತ್ತೆ ಒಳಗೆ ಹೋಗಬಹುದು, ಎಷ್ಟು ಸಲ ಬೇಕಾದರೂ. ಆದ್ದರಿಂದ ಎಂಟನೆಯ ತರಗತಿಯವಳನ್ನು ಅಭ್ಯಾಸಕ್ಕೆ ಪೂರ್ತಿಯಾಗಿ, ಪಂದ್ಯಕ್ಕೆ ಅಲ್ಪವಾಗಿ ಸೇರಿಸಿಕೊಳ್ಳಬಹುದು. ಮೊದಲ ವರ್ಷ ಪೆನಾಲ್ಟಿ ಕಾರ್ನರಿನ ರಕ್ಷಣೆಗೆ ಅವಳನ್ನು ನಿಲ್ಲಿಸುವುದು ಬೇಡ. ಅಂಗಳದ ಅಂಚಿನಲ್ಲಿ, ಎಡಕ್ಕೋ ಬಲಕ್ಕೋ, ಪಕ್ಕದಲ್ಲಿ ಹತ್ತನೆಯ ತರಗತಿಯ ಅಕ್ಕನೊಬ್ಬಳು ಇರುವಂತೆ, ಪಂದ್ಯದ ಪ್ರತಿ ಕಾಲುಭಾಗದಲ್ಲೂ ನಾಲ್ಕೈದು ನಿಮಿಷ ಆಡಿ ಬರಲಿ. ದಣಿದರೆ ಹೊರಗೆ ಕುಳಿತು ನೀರು ಕುಡಿಯಲಿ, ಎದುರಾಳಿಗಳು ಎಲ್ಲಿ ಜಾಗ ಬಿಡುತ್ತಾರೆಂಬುದನ್ನು ನೋಡಲಿ, ಮತ್ತೆ ಒಳಗೆ ಹೋಗಲಿ.