ಉಸಿರನ್ನು ಪರಾಧೀನಗೊಳಿಸುವ ಔಷಧಿ

ತುರ್ವಿಹಾಳದ ಸುತ್ತಣ ಭತ್ತದ ಗದ್ದೆಗಳಲ್ಲಿ ಇರುಳು ನೀರು ಕಟ್ಟಲು ಹೋದವನಿಗೆ ನಾಗರಹಾವು ಕಚ್ಚಿತೆಂದರೆ, ಮೊದಲು ರೆಪ್ಪೆಗಳು ಜೋತುಬೀಳುವುದನ್ನೂ, ಬಳಿಕ ನಾಲಗೆ ತೊದಲಿ ಕತ್ತು ವಾಲುವುದನ್ನೂ, ಕಟ್ಟಕಡೆಗೆ ಎದೆಯ ಸ್ನಾಯುಗಳು ಸೋತು ಉಸಿರು ನಿಲ್ಲುವುದನ್ನೂ ಈ ಸೀಮೆಯ ಹಿರಿಯರು ಕಂಡು ಬಲ್ಲರು. ಆದರೆ ಆ ದುಃಸ್ಥಿತಿಯಲ್ಲಿಯೂ ಮನುಷ್ಯನ ಪ್ರಜ್ಞೆ ಬಹಳ ಹೊತ್ತು ಅಳಿಯದೆ ಇರಬಹುದೆಂಬುದನ್ನೂ, ಸುತ್ತ ನೆರೆದವರು ಎದೆ ಬಡಿದುಕೊಂಡು ಅಳುತ್ತಿರುವಾಗ ಅವನು ಅದೆಲ್ಲವನ್ನೂ ಕೇಳುತ್ತ ಮಲಗಿರಬಹುದೆಂಬುದನ್ನೂ ಬಲ್ಲವರು ವಿರಳ. ನರದ ತುದಿಯಿಂದ ಸ್ನಾಯುವಿಗೆ ಆಜ್ಞೆಯನ್ನು ಒಯ್ಯುವ ಅಸಿಟೈಲ್‌ಕೋಲಿನ್ ಎಂಬ ದ್ರವ್ಯವು, ಸ್ನಾಯುವಿನ ಮೇಲೆ ತನಗೆಂದೇ ಮೀಸಲಾಗಿರುವ ಗ್ರಾಹಕಗಳನ್ನು ಸೇರಿದಾಗ ಮಾತ್ರ ಸ್ನಾಯು ಬಿಗಿಯುತ್ತದೆ. ಅತಿಥಿಗೆ ಹಾಕಿದ ಮಣೆಯ ಮೇಲೆ ಅನ್ಯನೊಬ್ಬ ಬಂದು ಕುಳಿತಂತೆ ಹಾವಿನ ವಿಷವು ಆ ಸ್ಥಾನವನ್ನು ಆಕ್ರಮಿಸುತ್ತದೆ. ಮಿದುಳು ಆಜ್ಞಾಪಿಸುತ್ತಲೇ ಇದ್ದರೂ ಸ್ನಾಯು ಅದನ್ನು ಅರಿಯದು.

ಶಸ್ತ್ರಕ್ರಿಯೆಗಾಗಿ ರೋಗಿಗೆ ಪೂರ್ಣ ಅರಿವಳಿಕೆ ಕೊಡುವಾಗ ವೈದ್ಯರು ಬುದ್ಧಿಪೂರ್ವಕವಾಗಿ ಉಂಟುಮಾಡುವುದೂ ಇದೇ ಅವಸ್ಥೆಯನ್ನು. ವೆಕುರೋನಿಯಮ್, ಅಟ್ರಾಕುರಿಯಮ್, ರೋಕುರೋನಿಯಮ್ ಎಂಬ ಸ್ನಾಯು ಸಡಿಲಿಸುವ ಔಷಧಿಗಳು ಹೋಗಿ ಕೂರುವುದು ಆ ಗ್ರಾಹಕಗಳ ಮೇಲೆಯೇ. ನಾಗರಹಾವಿನ ಕಡಿತಕ್ಕೆ ಪ್ರತಿವಿಷದೊಡನೆ ಕೊಡುವ ನಿಯೋಸ್ಟಿಗ್ಮಿನ್ ಮತ್ತು ಅಟ್ರೋಪಿನ್‌ಗಳ ಜೋಡಿಯೇ, ಶಸ್ತ್ರಕ್ರಿಯೆ ಮುಗಿದ ಮೇಲೆ ರೋಗಿಯ ಸ್ನಾಯುಗಳಿಗೆ ಬಲವನ್ನು ಮರಳಿ ತರುವುದಕ್ಕೂ ಬಳಕೆಯಾಗುವುದು ಆದುದರಿಂದ ಆಕಸ್ಮಿಕವಲ್ಲ.

ಈ ವಿದ್ಯೆಯ ಮೂಲವೂ ವಿಷವೇ. ದಕ್ಷಿಣ ಅಮೆರಿಕದ ಅರಣ್ಯವಾಸಿಗಳು ಬೇಟೆಯ ಬಾಣಗಳಿಗೆ ಬಳಿಯುತ್ತಿದ್ದ ಕುರಾರೆಯನ್ನು ಗಯಾನಾದಿಂದ ತಂದ ಚಾರ್ಲ್ಸ್ ವಾಟರ್‌ಟನ್ ಎಂಬಾತನ ಮುಂದೆ, 1814ರಲ್ಲಿ, ಲಂಡನ್ನಿನಲ್ಲಿ ಒಂದು ಹೆಣ್ಣುಕತ್ತೆಗೆ ಅದನ್ನು ಚುಚ್ಚಲಾಯಿತು. ಕತ್ತೆ ಉಸಿರುಡುಗಿ ಬಿದ್ದೊಡನೆ ಅದರ ಶ್ವಾಸನಾಳವನ್ನು ಸೀಳಿ ತಿದಿಯಿಂದ ಗಾಳಿಯೂದುತ್ತ ಹೋಗಲು, ಕೆಲವು ಗಂಟೆಗಳ ತರುವಾಯ ವಿಷದ ಬಲ ಕುಂದಿ ಅದು ಎದ್ದು ನಿಂತಿತು, ಮತ್ತು 1839ರವರೆಗೂ ಸುಖವಾಗಿ ಬದುಕಿತು. ಸ್ನಾಯು ಸಡಿಲಿಸುವ ಔಷಧಿಗಳ ಸುರಕ್ಷತೆಯನ್ನು ಕುರಿತು ಆಮೇಲೆ ಬಂದ ಗ್ರಂಥಗಳ ತಿರುಳೆಲ್ಲ ಆ ಕತ್ತೆಯ ಚರಿತ್ರೆಯೊಳಗೇ ಅಡಗಿದೆಯೆಂದರೆ ಅತಿಶಯೋಕ್ತಿಯಾಗದು.

ಇಂಥ ವಸ್ತುವನ್ನು ಆಸ್ಪತ್ರೆಯೊಳಗೆ ಕರೆತರುವ ಅಗತ್ಯವೇನಿತ್ತೆಂದು ಓದುಗರು ಕೇಳಬಹುದು. ಹೊಟ್ಟೆಯ ಸ್ನಾಯುಗಳು ಹಲಗೆಯ ಹಾಗೆ ಬಿಗಿದಿದ್ದರೆ ಶಸ್ತ್ರವೈದ್ಯರ ಕೈ ಒಳಗೆ ಹೋಗದು, ಗಂಟಲಿನ ಧ್ವನಿತಂತುಗಳು ಸಡಿಲವಾಗದಿದ್ದರೆ ಉಸಿರಿನ ನಳಿಗೆ ಇಳಿಯದು. ಹಿಂದೆ ಈ ಸಡಿಲಿಕೆಯನ್ನು ಪಡೆಯಬೇಕಾದರೆ ರೋಗಿಯನ್ನು ಕ್ಲೋರೋಫಾರಂ ಅಥವಾ ಈಥರಿನಲ್ಲಿ ಮೃತ್ಯುವಿನ ಹೊಸ್ತಿಲವರೆಗೂ ಮುಳುಗಿಸಬೇಕಾಗುತ್ತಿತ್ತು. ಆ ಹೊಸ್ತಿಲನ್ನು ದಾಟಿ ಹೋದವರೂ ಕಡಿಮೆಯೇನಿರಲಿಲ್ಲ. ನಮ್ಮ ರಾಯಚೂರು ಸೀಮೆ ನಿಜಾಮರ ಆಳ್ವಿಕೆಯಲ್ಲಿದ್ದಾಗ, 1888 ಮತ್ತು 1889ರಲ್ಲಿ, ರಾಜಧಾನಿಯಾದ ಹೈದರಾಬಾದಿನಲ್ಲಿ ಎಡ್ವರ್ಡ್ ಲಾರಿ ಎಂಬ ವೈದ್ಯರ ನೇತೃತ್ವದಲ್ಲಿ ಎರಡು ಕ್ಲೋರೋಫಾರಂ ಆಯೋಗಗಳು ನಡೆದವು. ಎರಡನೆಯದಕ್ಕೆ ನಿಜಾಮರ ದ್ರವ್ಯದಿಂದಲೇ ಲಂಡನ್ನಿನ ಲಾಡರ್ ಬ್ರಂಟನ್ ಅವರನ್ನು ಕರೆಸಲಾಗಿತ್ತು. ನಾಡಿಯನ್ನು ಹಿಡಿದು ಕೂರದೆ ಉಸಿರನ್ನು ನೋಡುತ್ತಿರಿ ಎಂಬುದು ಆ ಆಯೋಗದ ತೀರ್ಪು. ಕ್ಲೋರೋಫಾರಂ ಹೃದಯವನ್ನು ನೇರವಾಗಿ ನಿಲ್ಲಿಸದೆಂಬ ಅದರ ವಾದ ಮುಂದೆ ಸುಳ್ಳಾಯಿತಾದರೂ, ಉಸಿರಿನ ಮೇಲೆ ಕಣ್ಣಿಡಬೇಕೆಂಬ ಮಾತು ಸುಳ್ಳಾಗಲಿಲ್ಲ.

1942ರ ಜನವರಿ 23ರಂದು ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಹೆರಾಲ್ಡ್ ಗ್ರಿಫಿತ್ ಮತ್ತು ಎನಿಡ್ ಜಾನ್ಸನ್ ಎಂಬ ಇಬ್ಬರು ವೈದ್ಯರು ಅಪೆಂಡಿಕ್ಸ್ ಶಸ್ತ್ರಕ್ರಿಯೆಯೊಂದರಲ್ಲಿ ಶುದ್ಧೀಕರಿಸಿದ ಕುರಾರೆಯನ್ನು ಪ್ರಯೋಗಿಸಿದಂದಿನಿಂದ ನಿದ್ರೆಗೊಂದು ಔಷಧಿ, ನೋವಿಗೊಂದು ಔಷಧಿ, ಸ್ನಾಯುಗಳ ಸಡಿಲಿಕೆಗೆ ಮತ್ತೊಂದು ಎಂಬ ವಿಭಜನೆ ಸಾಧ್ಯವಾಗಿ, ಯಾವುದನ್ನೂ ಅತಿಯಾಗಿ ಕೊಡಬೇಕಾದ ಸಂಕಟ ತಪ್ಪಿತು. ಆದರೆ ಈ ವಿಭಜನೆಯೇ ಹೊಸ ಅಪಾಯವೊಂದನ್ನು ತಂದಿತು. ಮೂರನೆಯ ಔಷಧಿ ನಿದ್ರೆಯನ್ನೂ ತಾರದು, ನೋವನ್ನೂ ಕಳೆಯದು. ಅಮೆರಿಕದ ಸ್ಕಾಟ್ ಸ್ಮಿತ್ ಎಂಬ ವೈದ್ಯರು ತಮ್ಮ ಮೈಮೇಲೆಯೇ ಇದನ್ನು ಪರೀಕ್ಷಿಸಿ, ಬೆರಳನ್ನೂ ರೆಪ್ಪೆಯನ್ನೂ ಅಲುಗಿಸಲಾರದಷ್ಟು ಕುರಾರೆಯನ್ನು ತೆಗೆದುಕೊಂಡು, ತಾವು ಎಲ್ಲವನ್ನೂ ಕೇಳಿದುದಾಗಿಯೂ ನೋವನ್ನು ಅನುಭವಿಸಿದುದಾಗಿಯೂ 1947ರಲ್ಲಿ ವರದಿ ಮಾಡಿದರು. ಅರಿವು ಪೂರ್ತಿ ಅಳಿಯದೆ ಸ್ನಾಯುಗಳು ಮಾತ್ರ ಸತ್ತಂತಿರುವ ರೋಗಿಗೆ ಕೂಗುವುದಕ್ಕೂ ಆಗದು. ಬ್ರಿಟನ್ ಮತ್ತು ಐರ್ಲೆಂಡುಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ವಿಸ್ತಾರವಾದ ಸಮೀಕ್ಷೆಯಲ್ಲಿ, ಸ್ನಾಯು ಸಡಿಲಿಸುವ ಔಷಧಿ ಕೊಟ್ಟಲ್ಲಿ ಸುಮಾರು 8,000 ಅರಿವಳಿಕೆಗಳಿಗೆ ಒಂದರಂತೆಯೂ, ಕೊಡದಿದ್ದಲ್ಲಿ ಸುಮಾರು 1,36,000ಕ್ಕೆ ಒಂದರಂತೆಯೂ ಇಂಥ ಎಚ್ಚರದ ದೂರುಗಳು ದಾಖಲಾದವು. ಭಯಪಡುವಷ್ಟು ದೊಡ್ಡ ಸಂಖ್ಯೆ ಇದಲ್ಲ. ಆದರೂ ಎರಡರ ನಡುವಣ ಅಂತರವು ತಾನೇ ಮಾತಾಡುತ್ತದೆ.

ಶಸ್ತ್ರಕ್ರಿಯೆಯ ಕೊನೆ ಇನ್ನೊಂದು ಸೂಕ್ಷ್ಮವಾದ ಗಳಿಗೆ. ರೋಗಿ ಕಣ್ಣು ತೆರೆದನೆಂದು ನಳಿಗೆಯನ್ನು ತೆಗೆದ ಮೇಲೂ ಔಷಧಿಯ ಶೇಷವು ಸ್ನಾಯುಗಳಲ್ಲಿ ಉಳಿದಿದ್ದರೆ, ವಾರ್ಡಿನ ಹಾಸಿಗೆಯ ಮೇಲೆ ನಾಲಗೆ ಹಿಂದಕ್ಕೆ ಜಾರಿ, ಜೊಲ್ಲು ಶ್ವಾಸನಾಳಕ್ಕಿಳಿದು, ನೋಡನೋಡುತ್ತಿದ್ದಂತೆ ಅನಾಹುತವಾಗಬಹುದು. ಇದನ್ನು ತಿಳಿಯಲು ಮಣಿಕಟ್ಟಿನ ನರಕ್ಕೆ ಒಂದರ ಹಿಂದೊಂದರಂತೆ ನಾಲ್ಕು ಸಣ್ಣ ವಿದ್ಯುತ್ ಸ್ಪಂದನಗಳನ್ನು ಕೊಟ್ಟು, ಹೆಬ್ಬೆರಳಿನ ನಾಲ್ಕನೆಯ ಮಿಡಿತವು ಮೊದಲನೆಯದರ ಹತ್ತರಲ್ಲಿ ಒಂಬತ್ತು ಪಾಲಿನಷ್ಟಾದರೂ ಬಲವಾಗಿದೆಯೇ ಎಂದು ಅಳೆಯುವ ಪುಟ್ಟ ಯಂತ್ರವಿದೆ. ರೋಕುರೋನಿಯಮ್ ಮತ್ತು ವೆಕುರೋನಿಯಮ್‌ಗಳನ್ನು ರಕ್ತದಲ್ಲಿಯೇ ಹಿಡಿದು ಕಟ್ಟಿಹಾಕುವ ಸುಗಮಾಡೆಕ್ಸ್ ಎಂಬ ಮದ್ದೂ ಈಗ ದೊರೆಯುತ್ತದೆ, ಬೆಲೆ ಮಾತ್ರ ಹೆಚ್ಚು. ಆ ಯಂತ್ರವಿಲ್ಲದ ಶಸ್ತ್ರಾಗಾರಗಳು ನಮ್ಮಲ್ಲಿ ಇನ್ನೂ ಅನೇಕವಾಗಿರುವುದು ಹೆಮ್ಮೆಯ ಸಂಗತಿಯಲ್ಲ.

ಇಷ್ಟು ಎಲ್ಲ ನಾಡಿನವರಿಗೂ ಸಮಾನವಾದ ಮಾತಾಯಿತು. ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ಜನ ಬೇರೆಯಾಗಿಯೇ ತಿಳಿದಿರತಕ್ಕ ಸಂಗತಿಗಳು ಎರಡುಂಟು, ಮತ್ತು ಅವೆರಡೂ ಸಕ್ಸಿನೈಲ್‌ಕೋಲಿನ್ ಎಂಬ, ಥಿಯೇಟರಿನೊಳಗೆ ಸ್ಕೋಲಿನ್ ಎಂದೇ ಕರೆಯಿಸಿಕೊಳ್ಳುವ, ಹಳೆಯ ಔಷಧಿಗೆ ಸೇರಿದವು. ಒಂದು ನಿಮಿಷದೊಳಗೆ ಸ್ನಾಯುಗಳನ್ನು ಸಡಿಲಿಸಿ, ಐದು ಹತ್ತು ನಿಮಿಷಗಳಲ್ಲಿ ಬಿಟ್ಟುಹೋಗುವ ಇದರ ಚುರುಕಿಗೆ ಸಾಟಿಯಾದುದು ಕಡಿಮೆ. ಹೊಟ್ಟೆ ತುಂಬಿರುವಾಗಲೇ ತುರ್ತು ಶಸ್ತ್ರಕ್ರಿಯೆಗೆ ಬಂದವನ ಪಾಲಿಗೆ ಇದು ಪ್ರಾಣರಕ್ಷಕವೇ ಸರಿ. ಇದು ಬೇಗ ಬಿಟ್ಟುಹೋಗುವುದಕ್ಕೆ ಕಾರಣವಾದುದು ಪಿತ್ತಜನಕಾಂಗವು ತಯಾರಿಸಿ ರಕ್ತಕ್ಕೆ ಬಿಡುವ ಸ್ಯೂಡೋಕೋಲಿನೆಸ್ಟರೇಸ್ ಎಂಬ ಕಿಣ್ವ. ಆ ಕಿಣ್ವವಿಲ್ಲದೆ ಹುಟ್ಟಿದವರು ಆರೋಗ್ಯವಂತರಾಗಿಯೇ ಬೆಳೆದು, ಉಂಡುಟ್ಟು, ಮುಪ್ಪಾಗುವವರೆಗೆ ಬಾಳುತ್ತಾರೆ. ಸ್ಕೋಲಿನ್ ಮೈಯೊಳಗೆ ಹೊಕ್ಕ ದಿನ ಮಾತ್ರ ನಿಮಿಷಗಳಲ್ಲಿ ಮರಳಬೇಕಾದ ಉಸಿರು ಗಂಟೆಗಟ್ಟಲೆ ಮರಳದು.

ಯುರೋಪಿನಲ್ಲಿ ಈ ಪೂರ್ಣ ಅಭಾವ ಅತ್ಯಂತ ವಿರಳ. ಆದರೆ ದಕ್ಷಿಣ ಭಾರತದ ವೈಶ್ಯ ಸಮಾಜದಲ್ಲಿ ಅದು ಅಸಾಧಾರಣವಾಗಿ ಹೆಚ್ಚೆಂದು 1970ರ ದಶಕದಲ್ಲಿಯೇ ಆಂಧ್ರದ ಸಂಶೋಧಕರು ತೋರಿಸಿದರು. 2006ರಲ್ಲಿ ಕೊಯಮತ್ತೂರಿನ ವೈಶ್ಯರಲ್ಲಿ ನಡೆದ ಅಧ್ಯಯನವು ಆ ಕಿಣ್ವದ ಸರಪಳಿಯಲ್ಲಿ 307ನೆಯ ಸ್ಥಾನದಲ್ಲಿದ್ದ ಲ್ಯೂಸಿನ್ ಹೋಗಿ ಪ್ರೋಲಿನ್ ಬಂದಿರುವುದೇ ಮೂಲಕಾರಣವೆಂದು ಕಂಡುಹಿಡಿಯಿತು. ತಂದೆತಾಯಿಗಳಿಬ್ಬರಿಂದಲೂ ಈ ದೋಷ ಬಂದಾಗ ಮಾತ್ರ ಅದು ಪೂರ್ಣವಾಗಿ ಪ್ರಕಟವಾಗುವುದರಿಂದ, ತಲೆಮಾರುಗಳಿಂದ ತಮ್ಮೊಳಗೇ, ಅದರಲ್ಲಿಯೂ ಸೋದರಸಂಬಂಧದಲ್ಲಿಯೇ, ಕೊಟ್ಟು ತಂದುಕೊಳ್ಳುತ್ತ ಬಂದ ಸಮಾಜದಲ್ಲಿ ಅದು ನೆಲೆನಿಂತುದು ಸಹಜ. ರಾಯಚೂರು ಸೀಮೆಯ ಪೇಟೆಗಳಲ್ಲಿ ಅಂಗಡಿ ಮುಂಗಟ್ಟುಗಳನ್ನಿಟ್ಟುಕೊಂಡು ನೆಲಸಿರುವ ಆರ್ಯವೈಶ್ಯ ಕುಟುಂಬಗಳಿಗೆ ಇದು ತಮ್ಮ ಮನೆಯ ಮಾತೆಂದು ತಿಳಿಯತಕ್ಕದ್ದು. ಶಸ್ತ್ರಕ್ರಿಯೆಯ ಮುನ್ನ ಅರಿವಳಿಕೆ ವೈದ್ಯರು ಜಾತಿಯನ್ನು ವಿಚಾರಿಸಿದರೆ ನೊಂದುಕೊಳ್ಳಬೇಡಿ. ಜಾತಿಯ ಪ್ರಶ್ನೆ ಮನುಷ್ಯನಿಗೆ ಉಪಕಾರ ಮಾಡುವ ಕೆಲವೇ ಸಂದರ್ಭಗಳಲ್ಲಿ ಇದೊಂದು. ಇದು ರೋಗವೂ ಅಲ್ಲ, ಕಳಂಕವೂ ಅಲ್ಲ. ಸ್ಕೋಲಿನ್ ಬಿಟ್ಟು ಬೇರೆ ಔಷಧಿಯನ್ನು ಆರಿಸಿಕೊಂಡರಾಯಿತು. ತಿಳಿಯದೆ ಕೊಟ್ಟಿದ್ದರೂ ಯಂತ್ರದಿಂದ ಉಸಿರಾಡಿಸುತ್ತ, ನಿದ್ರೆಯಲ್ಲಿಯೇ ಇರಿಸಿಕೊಂಡು, ಸ್ನಾಯುಗಳಿಗೆ ಬಲ ಬರುವತನಕ ಕಾದರೆ ರೋಗಿ ಕ್ಷೇಮವಾಗಿ ಏಳುತ್ತಾನೆ.

ಎರಡನೆಯ ಸಂಗತಿ ಹೊಲಗದ್ದೆಗಳದು. ತುಂಗಭದ್ರೆಯ ಎಡದಂಡೆ ಕಾಲುವೆ ಬಂದಂದಿನಿಂದ ಈ ಸೀಮೆ ಭತ್ತದ ಕಣಜವಾಯಿತು, ಭತ್ತದ ಹಿಂದೆಯೇ ಕೀಟನಾಶಕಗಳೂ ಬಂದವು. ಬೆಳೆಗೆ ಎಣ್ಣೆ ಹೊಡೆಯುವುದೆಂದು ಜನ ಹೇಳುವ ಆ ಕೆಲಸದಲ್ಲಿ ಬಳಕೆಯಾಗುವ ಕ್ಲೋರ್‌ಪೈರಿಫಾಸ್, ಕ್ವಿನಾಲ್‌ಫಾಸ್ ಮೊದಲಾದ ಆರ್ಗನೋಫಾಸ್ಫೇಟ್ ಜಾತಿಯ ವಿಷಗಳು ಚರ್ಮದ ಮೂಲಕವೂ ಉಸಿರಿನ ಮೂಲಕವೂ ಮೈಗಿಳಿದು ಇದೇ ಕಿಣ್ವವನ್ನು ಕುಗ್ಗಿಸುತ್ತವೆ. ಹೆಚ್ಚಾಗಿ ಕುಗ್ಗಿದ ಕಿಣ್ವ ಮೊದಲಿನ ಮಟ್ಟಕ್ಕೆ ಬರಲು ವಾರಗಳೇ ಬೇಕು. ಬಾಯಿಗೆ ಬಟ್ಟೆಯನ್ನೂ ಕಟ್ಟದೆ ದಿನವಿಡೀ ಎಣ್ಣೆ ಹೊಡೆದ ರೈತ, ಅಪೆಂಡಿಕ್ಸ್ ನೋವಿನಿಂದ ಅದೇ ವಾರ ಶಸ್ತ್ರಾಗಾರಕ್ಕೆ ಬಂದರೆ, ಹುಟ್ಟಿನಿಂದ ಬಂದ ದೋಷವೇನೂ ಇಲ್ಲದಿದ್ದರೂ ಸ್ಕೋಲಿನ್ ಅವನಲ್ಲಿ ಹೆಚ್ಚು ಹೊತ್ತು ನಿಲ್ಲಬಹುದು. ಎಣ್ಣೆ ಕುಡಿದು ಬಂದವರ ವಿಷಯದಲ್ಲಂತೂ ಈ ಔಷಧಿಯನ್ನು ವೈದ್ಯರು ದೂರವಿಡುವುದೇ ವಾಡಿಕೆ.

ಇನ್ನು ಚಿಕ್ಕದೊಂದು ವಿಚಾರ. ಸ್ಕೋಲಿನ್, ಅಟ್ರಾಕುರಿಯಮ್, ರೋಕುರೋನಿಯಮ್‌ಗಳನ್ನು 2ರಿಂದ 8 ಡಿಗ್ರಿ ತಂಪಿನಲ್ಲಿಡಬೇಕು; ಬೇಸಗೆಯಲ್ಲಿ 40 ಡಿಗ್ರಿ ದಾಟುವ, ವಿದ್ಯುತ್ತು ಹೇಳದೆ ಹೋಗುವ ಊರುಗಳಲ್ಲಿ ಆಸ್ಪತ್ರೆಯ ಫ್ರಿಜ್ಜು ಅಲಂಕಾರದ ವಸ್ತುವಲ್ಲ.

ನಮ್ಮಲ್ಲಿ ಶಸ್ತ್ರಕ್ರಿಯೆಯೆಂದರೆ ಮನೆಯವರು ಕೇಳುವುದು "ಆಪರೇಷನ್ ಯಾರು ಮಾಡ್ತಾರ್ರೀ?" ಎಂಬ ಒಂದೇ ಪ್ರಶ್ನೆಯನ್ನು, ಆ ಹೊತ್ತಿಗೆ ರೋಗಿಯ ಉಸಿರನ್ನು ಕೈಯಲ್ಲಿ ಹಿಡಿದು ಕೂರುವವರ ಹೆಸರು ಎಷ್ಟೋ ವೇಳೆ ಬಿಡುಗಡೆಯ ಚೀಟಿಯನ್ನು ನೋಡಿದ ಮೇಲೂ ಅವರಿಗೆ ಗೊತ್ತಾಗುವುದಿಲ್ಲ. ಅರಿವಳಿಕೆ ವೈದ್ಯರನ್ನು ಮುಂಚಿತವಾಗಿ ಕಂಡು ಮಾತನಾಡಲು ಕೇಳಿಕೊಳ್ಳಿ. ಎಣ್ಣೆ ಹೊಡೆದು ಎಷ್ಟು ದಿನವಾಯಿತೆಂಬುದನ್ನೂ, ಗರ್ಭಿಣಿಯಾದರೆ ಏರಿದ ರಕ್ತದೊತ್ತಡದಿಂದ ಸೆಳವು ಬಾರದಿರಲೆಂದು, ಈ ಔಷಧಿಗಳ ಬಲವನ್ನು ಹೆಚ್ಚಿಸುವ ಮೆಗ್ನೀಸಿಯಮ್ ಸೂಜಿ ಆಗಿದ್ದರೆ ಅದನ್ನೂ, ಮನೆಯಲ್ಲಿ ಯಾರಾದರೂ ಹಿಂದೆ ಆಪರೇಷನ್ ಆದ ಮೇಲೆ ಬಹಳ ಹೊತ್ತು ಉಸಿರಾಟದ ಯಂತ್ರದಲ್ಲಿ ಉಳಿದಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ. ಹಾಗಾಗಿದ್ದವರು ಯಾವ ಔಷಧಿಯಿಂದ ಹಾಗಾಯಿತೆಂಬುದನ್ನು ವೈದ್ಯರಿಂದ ಒಂದು ಕಾಗದದ ಮೇಲೆ ಬರೆಸಿ ಇಟ್ಟುಕೊಳ್ಳಲಿ, ಅವರ ಒಡಹುಟ್ಟಿದವರೂ ಮಕ್ಕಳೂ ಆ ಕಿಣ್ವದ ರಕ್ತಪರೀಕ್ಷೆಯನ್ನು ಮಾಡಿಸಿಕೊಳ್ಳಲಿ.