ಚಳಿಗಾಲದಲ್ಲಿ ಸಾಕು ಹಾವು ಊಟ ಬಿಟ್ಟರೆ ಅದು ಕಾಯಿಲೆಯೇ?

ಅಮೆರಿಕ, ಬ್ರಿಟನ್‌ನಂತಹ ದೇಶಗಳಲ್ಲಿ ನಾಯಿ, ಬೆಕ್ಕುಗಳಂತೆ ಹಾವನ್ನೂ ಮನೆಯಲ್ಲಿ ಸಾಕುವವರಿದ್ದಾರೆ. ಚಳಿ ಶುರುವಾಯಿತೆಂದರೆ ಅವರಲ್ಲಿ ಅನೇಕರಿಗೆ ಒಂದೇ ಚಿಂತೆ: ವಾರಕ್ಕೊಂದು ಇಲಿ ನುಂಗುತ್ತಿದ್ದ ಹಾವು ಈಗ ಅದರತ್ತ ತಿರುಗಿಯೂ ನೋಡುತ್ತಿಲ್ಲ. ಕೆಲವರು ಹೆದರಿ ಅದರ ಬಾಯಿ ಬಿಡಿಸಿ ಆಹಾರ ತುರುಕುತ್ತಾರೆ. ಇನ್ನು ಕೆಲವರು ‘ಚಳಿಗಾಲದ ನಿದ್ದೆ ಇರಬೇಕು’ ಎಂದು ನಿಜವಾಗಿ ಕಾಯಿಲೆ ಬಿದ್ದ ಹಾವನ್ನೂ ಹಾಗೇ ಬಿಟ್ಟುಬಿಡುತ್ತಾರೆ. ಎರಡರಿಂದಲೂ ಹಾವಿನ ಜೀವಕ್ಕೆ ಅಪಾಯ. ಹಾಗಾದರೆ ಯಾವುದು ಸಹಜ, ಯಾವುದು ಕಾಯಿಲೆ? ನೋಡೋಣ.

ಊಟವಿಲ್ಲದೆ ಹೇಗೆ ಬದುಕುತ್ತದೆ?

ನಾವು ತಿಂದ ಅನ್ನದ ದೊಡ್ಡ ಪಾಲು ನಮ್ಮ ಮೈಯನ್ನು 37 ಡಿಗ್ರಿಯಲ್ಲಿ ಬೆಚ್ಚಗಿಡಲು ಖರ್ಚಾಗುತ್ತದೆ. ಹಾವಿಗೆ ಈ ಖರ್ಚಿಲ್ಲ. ಅದು ಶಾಖವನ್ನು ಬಿಸಿಲು, ಬಂಡೆ, ನೆಲದಿಂದ ಪಡೆಯುತ್ತದೆ. ಹೆಬ್ಬಾವಿನಂತಹ ಹಾವುಗಳಲ್ಲಿ ಊಟವಿಲ್ಲದಾಗ ಕರುಳು ಕೂಡ ಕುಗ್ಗಿ, ಬೇಟೆ ನುಂಗಿದ ಮೇಲೆ ಮತ್ತೆ ಬೆಳೆಯುತ್ತದೆ.

ಅಮೆರಿಕದ ವಿಜ್ಞಾನಿ ಮಾರ್ಷಲ್ ಮೆಕ್ಯೂ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಾವುಗಳನ್ನು ಸುಮಾರು ಆರು ತಿಂಗಳು ಆಹಾರವಿಲ್ಲದೆ ಇಟ್ಟು ಗಮನಿಸಿದ್ದರು. ಕೆಲವು ಹಾವುಗಳು ತಮ್ಮ ದೇಹದ ಶಕ್ತಿಯ ಬಳಕೆಯನ್ನು ಶೇ 72ರವರೆಗೆ ತಗ್ಗಿಸಿಕೊಂಡಿದ್ದವು. ಹಾವಿಗೆ ‘ಪವನಾಶನ’, ಅಂದರೆ ಗಾಳಿಯನ್ನೇ ಉಣ್ಣುವುದು ಎಂಬ ಹೆಸರು ನಮ್ಮಲ್ಲಿದೆ. ಹಾವು ಗಾಳಿ ಕುಡಿದು ಬದುಕುವುದಿಲ್ಲ. ಮೈಯಲ್ಲಿ ಕೂಡಿಟ್ಟ ಕೊಬ್ಬನ್ನು ಬಹಳ ಜಿಪುಣತನದಿಂದ ಖರ್ಚು ಮಾಡುತ್ತದೆ, ಅಷ್ಟೆ.

ಇದು ನಿದ್ದೆಯೇ?

ಪೂರ್ತಿ ಅಲ್ಲ. ಚಳಿಯಲ್ಲಿ ಸರೀಸೃಪಗಳು ಜಡವಾಗುವುದಕ್ಕೆ ‘ಬ್ರುಮೇಶನ್’ ಎಂಬ ಬೇರೆ ಹೆಸರೇ ಇದೆ. ಬಿಸಿರಕ್ತದ ಪ್ರಾಣಿಗಳ ಶಿಶಿರನಿದ್ರೆಯಿಂದ ಇದನ್ನು ಬೇರ್ಪಡಿಸಲೆಂದು 1965ರಲ್ಲಿ ವಿಲ್ಬರ್ ಮೇಹ್ಯೂ ಎಂಬ ವಿಜ್ಞಾನಿ ಈ ಪದವನ್ನು ಬಳಸಿದರು. ಬ್ರುಮೇಶನ್‌ನಲ್ಲಿರುವ ಹಾವು ನಡುನಡುವೆ ಅಲುಗಾಡುತ್ತದೆ, ನೀರು ಕುಡಿಯುತ್ತದೆ. ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದ ನಾರ್ಸಿಸ್ ಬಳಿ ಸುಣ್ಣಕಲ್ಲಿನ ಬಿರುಕುಗಳಲ್ಲಿ ಸಾವಿರಾರು ಗಾರ್ಟರ್ ಹಾವುಗಳು ಒಟ್ಟಾಗಿ ಹೀಗೆ ಚಳಿಗಾಲ ಕಳೆದು, ವಸಂತದಲ್ಲಿ ಹೊರಬರುತ್ತವೆ.

ಎಲ್ಲ ಹಾವಿಗೂ ಒಂದೇ ನಿಯಮವೇ?

ಖಂಡಿತ ಅಲ್ಲ. ತಪ್ಪು ನಡೆಯುವುದು ಇಲ್ಲೇ.

ಕಾರ್ನ್ ಸ್ನೇಕ್ ಅಮೆರಿಕದ ಆಗ್ನೇಯ ಭಾಗದ್ದು, ಅಲ್ಲಿ ಚಳಿಗಾಲವಿದೆ. ಮರಿ ಮಾಡಿಸುವವರು ಅದನ್ನು ಎರಡು–ಮೂರು ತಿಂಗಳು 10ರಿಂದ 15 ಡಿಗ್ರಿ ತಂಪಿನಲ್ಲಿ ಇಡುವುದುಂಟು. ಆದರೆ ಅದಕ್ಕೂ ಎರಡು ವಾರ ಮೊದಲೇ ಊಟ ನಿಲ್ಲಿಸಿ, ಬೆಚ್ಚಗಿಟ್ಟು, ಹೊಟ್ಟೆ ಖಾಲಿಯಾಗಲು ಬಿಡುತ್ತಾರೆ. ಕಾರಣ, ತಂಪಿನಲ್ಲಿ ಜೀರ್ಣಕ್ರಿಯೆ ನಿಂತುಹೋಗಿ ನುಂಗಿದ ಇಲಿ ಹೊಟ್ಟೆಯಲ್ಲೇ ಕೊಳೆಯುತ್ತದೆ. ಅದರಿಂದ ಹಾವು ಸಾಯಲೂಬಹುದು. ಕೇವಲ ಸಾಕುವವರಿಗೆ ಈ ತಂಪಿನ ಅಗತ್ಯವೇ ಇಲ್ಲ.

ಬಾಲ್ ಪೈಥಾನ್ ಎಂಬ ಪುಟ್ಟ ಹೆಬ್ಬಾವು ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ್ದು. ಅದಕ್ಕೆ ಬ್ರುಮೇಶನ್ ಇಲ್ಲ. ಆದರೂ ಬೆಳೆದ ಹಾವುಗಳು, ಅದರಲ್ಲೂ ಗಂಡು, ಚಳಿಗಾಲದಲ್ಲಿ ಬೆದೆಯ ಸಮಯಕ್ಕೆ ತಿಂಗಳುಗಟ್ಟಲೆ ಊಟ ಬಿಡುವುದು ಸಾಮಾನ್ಯ. ‘ಉಪವಾಸ ಮಾಡುತ್ತಿದೆ, ನಿದ್ದೆಗೆ ಬಿಡೋಣ’ ಎಂದು ಅದರ ಗೂಡಿನ ಶಾಖ ಆರಿಸಿದರೆ ಉಸಿರಾಟದ ಸೋಂಕು ತಗಲುತ್ತದೆ. ಅದರ ಗೂಡಿನ ಒಂದು ಬದಿ ವರ್ಷವಿಡೀ 31–32 ಡಿಗ್ರಿಯಷ್ಟು ಬೆಚ್ಚಗಿರಬೇಕು.

ಕಾಯಿಲೆಯನ್ನು ಗುರುತಿಸುವುದು ಹೇಗೆ?

ಮೊದಲು ಗೂಡಿನ ಶಾಖವನ್ನು ಥರ್ಮಾಮೀಟರ್‌ನಲ್ಲಿ ಅಳೆಯಬೇಕು. ಚಳಿಗೆ ಗೂಡು ತಣ್ಣಗಾಗಿದ್ದರೂ ಹಾವು ಊಟ ಬಿಡುತ್ತದೆ. ಕಣ್ಣು ಹಾಲಿನಂತೆ ಮಬ್ಬಾಗಿದ್ದರೆ ಅದು ಪೊರೆ ಬಿಡುವ ಸಿದ್ಧತೆ. ಪೊರೆ ಕಳಚಿದ ಮೇಲೆ ಹಸಿವು ಮರಳುತ್ತದೆ.

ಆಮೇಲೆ ತೂಕ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಎರಡು ವಾರಕ್ಕೊಮ್ಮೆ ತೂಗಿ ಬರೆದಿಡಬೇಕು. ಸಹಜ ಉಪವಾಸದಲ್ಲಿ ತೂಕ ಹೆಚ್ಚೇನೂ ಇಳಿಯುವುದಿಲ್ಲ. ಹತ್ತನೇ ಒಂದು ಭಾಗದಷ್ಟು ಇಳಿದರೆ, ಬೆನ್ನೆಲುಬು ಎದ್ದು ಕಂಡರೆ, ಹಾವು ಬಾಯಿ ತೆರೆದು ಉಸಿರಾಡಿದರೆ, ಮೂಗಿನಲ್ಲಿ ಗುಳ್ಳೆ ಬಂದರೆ, ತಿಂದದ್ದನ್ನು ಕಕ್ಕಿದರೆ ತಡಮಾಡದೆ ಪಶುವೈದ್ಯರಿಗೆ ತೋರಿಸಬೇಕು. ಮರಿಗಳಲ್ಲಿ ಕೂಡಿಟ್ಟ ಕೊಬ್ಬು ಕಡಿಮೆ. ಅವುಗಳ ವಿಷಯದಲ್ಲಿ ಅಷ್ಟು ದಿನ ಕಾಯುವಂತಿಲ್ಲ.

ಎರಡು ಕೆಲಸ ಮಾತ್ರ ಬೇಡ: ವೈದ್ಯರ ಸಲಹೆಯಿಲ್ಲದೆ ಬಲವಂತದಿಂದ ತಿನ್ನಿಸುವುದು, ಜೀವಂತ ಇಲಿಯನ್ನು ಗೂಡಿನಲ್ಲಿ ಬಿಟ್ಟು ಹೋಗುವುದು. ಹಸಿವಿಲ್ಲದ ಹಾವನ್ನು ಇಲಿಯೇ ಕಚ್ಚಿ ಗಾಯ ಮಾಡುತ್ತದೆ.

ನಮ್ಮಲ್ಲಿ ಸಾಕಬಹುದೇ?

ನಾಗರಹಾವು, ಕೇರೆ, ಹೆಬ್ಬಾವು ಸೇರಿದಂತೆ ನಮ್ಮ ಕಾಡಿನ, ಹೊಲದ ಹಾವುಗಳನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಚಳಿಯ ಮುಂಜಾನೆ ಹಿತ್ತಲಿನಲ್ಲಿ ಅಲುಗಾಡದೆ ಬಿದ್ದಿರುವ ಹಾವು ಕಂಡರೆ ಅದು ಸತ್ತಿದೆ ಎಂದು ಮುಟ್ಟಲು ಹೋಗಬೇಡಿ. ಬಿಸಿಲೇರಿದಂತೆ ಅದು ತಾನಾಗಿ ಎದ್ದು ಹೋದೀತು.